ಕೀಲೆಣ್ಣೆಯಿಂದ ಎಂಜಿನ್ ಆಯಿಲ್‌ವರೆಗೆ

ಎತ್ತಿನ ಗಾಡಿಯ ಅಚ್ಚಿಗೆ ಏನು ಹಚ್ಚುತ್ತಿದ್ದರು ಎಂದು ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. 'ಕೀಲೆಣ್ಣೆ' ಎಂಬ ಉತ್ತರ ಬಂದೀತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿ, ಬಿದಿರಿನ ಅಂಡೆಯಲ್ಲಿ ತುಂಬಿ, ಗಾಡಿಯ ಕೆಳಗೆ ತೂಗುಹಾಕುತ್ತಿದ್ದರು. ಗಾಡಿ ಕಿರುಗುಟ್ಟತೊಡಗಿದರೆ ಗಾಡಿಯವನು ಇಳಿದು ಅಚ್ಚಿಗೆ ಹಚ್ಚುತ್ತಿದ್ದ. ಇದಕ್ಕಾಗಿ ಆತ ಯಾರನ್ನೂ ಕರೆಯುತ್ತಿರಲಿಲ್ಲ. ಗಾಡಿ ಅವನದು, ಎಣ್ಣೆ ಹಾಕುವ ಹೊಣೆಯೂ ಅವನದೇ.

ಕಾರಿನ ಎಂಜಿನ್ ಆಯಿಲನ್ನು ಮನೆಯಂಗಳದಲ್ಲಿ ನಾವೇ ಬದಲಿಸಿಕೊಳ್ಳಬಹುದು ಎಂದರೆ ಇಂದು ಹಲವರು ಹುಬ್ಬೇರಿಸುತ್ತಾರೆ. ಕಾರು ಹುಟ್ಟಿದ ಕಾಲದಲ್ಲಿ ಇದು ಒಡೆಯನ ನಿತ್ಯದ ಕೆಲಸಗಳಲ್ಲೊಂದಾಗಿತ್ತು. ಆ ಕಥೆಗೆ ಬರುವ ಮೊದಲು ಎಣ್ಣೆ ಏನು ಮಾಡುತ್ತದೆ ಎಂಬುದನ್ನು ತಿಳಿಯೋಣ. ನಾನು ವಿಜ್ಞಾನ ಓದಿದವನು; ಆ ಚಾಳಿ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಎಣ್ಣೆ 'ಜಾರಿಸುತ್ತದೆ' ಎಂದು ಎಲ್ಲರಿಗೂ ಗೊತ್ತಿತ್ತು. ಹೇಗೆ ಎಂಬುದು 1880ರ ದಶಕದವರೆಗೂ ಸ್ಪಷ್ಟವಿರಲಿಲ್ಲ. ಬ್ರಿಟನ್ನಿನ ಯಾಂತ್ರಿಕ ಎಂಜಿನಿಯರುಗಳ ಸಂಸ್ಥೆ ಬೋಷಾಂಪ್ ಟವರ್ ಎಂಬ ಎಂಜಿನಿಯರಿಗೆ ಬೇರಿಂಗುಗಳ ಘರ್ಷಣೆಯನ್ನು ಅಳೆಯುವ ಕೆಲಸ ಒಪ್ಪಿಸಿತು. ತಿರುಗುವ ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು. ಮೇಲೆ ಭಾರ ಹೊತ್ತ ಹಿತ್ತಾಳೆಯ ಬೇರಿಂಗ್ ಕೂತಿತ್ತು. ಮೇಲಿನಿಂದಲೂ ಎಣ್ಣೆ ಬಿಡೋಣವೆಂದು ಟವರ್ ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆಸಿದರು. ಯಂತ್ರ ತಿರುಗಿದಾಗ ನಡೆದದ್ದೇ ಬೇರೆ. ಎಣ್ಣೆ ಆ ತೂತಿನಿಂದ ಮೇಲಕ್ಕೆ ಉಕ್ಕಿ ಹೊರಗೆ ಹರಿಯಿತು! ಬಿರಡೆ ಹಾಕಿದರು, ಹೊರಕ್ಕೆ ಬಂತು. ಮರದ ಬೆಣೆ ಬಡಿದರು, ಅದೂ ನಿಲ್ಲಲಿಲ್ಲ. ಕೊನೆಗೆ ಒತ್ತಡಮಾಪಕ ಜೋಡಿಸಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡಿನಷ್ಟು ಮೇಲೇರಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಅದರ ಅರ್ಧದಷ್ಟು ಮಾತ್ರ.

ಇದರ ಅರ್ಥವನ್ನು ಊಹಿಸಬಲ್ಲಿರಾ? ತಿರುಗುವ ಅಚ್ಚು ತನ್ನ ಸುತ್ತಲಿನ ಎಣ್ಣೆಯನ್ನು ಸಂದಿಯೊಳಕ್ಕೆ ಎಳೆದುಕೊಳ್ಳುತ್ತದೆ. ಹಾಗೆ ಎಳೆಯಲ್ಪಟ್ಟ ಎಣ್ಣೆಯ ತೆಳು ಪದರವೇ ಇಡೀ ಭಾರವನ್ನು ಎತ್ತಿ ಹಿಡಿಯುತ್ತದೆ. ಲೋಹ ಲೋಹಕ್ಕೆ ತಾಗುವುದೇ ಇಲ್ಲ. ಟವರ್ ಕಂಡದ್ದಕ್ಕೆ 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಣಿತದ ಸಮೀಕರಣ ಕೊಟ್ಟರು. ದ್ರವಗಳ ಹರಿವಿನ ಪಾಠದಲ್ಲಿ ನೀವು ಓದುವ 'ರೆನಾಲ್ಡ್ಸ್ ಸಂಖ್ಯೆ' ಇದೇ ಪ್ರೊಫೆಸರರ ಹೆಸರಿನದು. ನಿಮ್ಮ ಮನೆಯ ಕಾರಿನ ಕ್ರ್ಯಾಂಕ್‌ಶಾಫ್ಟ್ ಇಂದಿಗೂ ಅಂಥದೇ ಪದರದ ಮೇಲೆ ತೇಲುತ್ತ ತಿರುಗುತ್ತಿದೆ.

ಎಣ್ಣೆ ಎಲ್ಲಿಂದ ಬರುತ್ತಿತ್ತು? ಮೊದಲು ಪ್ರಾಣಿಗಳ ಕೊಬ್ಬು, ತಿಮಿಂಗಿಲದ ಎಣ್ಣೆ, ಆಲಿವ್, ಹರಳು. 1859ರಲ್ಲಿ ಅಮೆರಿಕದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಕೊರೆದ ಬಾವಿಯಲ್ಲಿ ಕಲ್ಲೆಣ್ಣೆ ಸಿಕ್ಕಿತು. ಜನರಿಗೆ ಬೇಕಿದ್ದದ್ದು ದೀಪದ ಸೀಮೆಎಣ್ಣೆ. ಆದರೆ ಭಟ್ಟಿ ಇಳಿಸಿದ ಮೇಲೆ ಉಳಿಯುವ ಮಂದ ಭಾಗ ಯಂತ್ರಗಳಿಗೆ ಒಗ್ಗುತ್ತದೆಂದು ಬೇಗನೆ ತಿಳಿಯಿತು. ಹಾಗೆಂದು ಹರಳೆಣ್ಣೆ ಕೂಡಲೇ ಮೂಲೆಗೆ ಸೇರಲಿಲ್ಲ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಹರಳೆಣ್ಣೆ ಬೆರೆತ ಆಯಿಲೊಂದಕ್ಕೆ 'ಕ್ಯಾಸ್ಟ್ರಾಲ್' ಎಂದು ಹೆಸರಿಟ್ಟಿತು. 'ಕ್ಯಾಸ್ಟರ್' ಎಂದರೆ ನಮ್ಮ ಹರಳೇ. ಮೊದಲ ಮಹಾಯುದ್ಧದ ಹಲವು ವಿಮಾನಗಳ ರೋಟರಿ ಎಂಜಿನ್‌ಗಳು ಹರಳೆಣ್ಣೆಯನ್ನೇ ಕುಡಿಯುತ್ತಿದ್ದವು, ಏಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಗಾಡಿಯವನ ಅಂಡೆಯೊಳಗಿದ್ದ ಎಣ್ಣೆ ಆಕಾಶಕ್ಕೂ ಏರಿತ್ತೆನ್ನಿ!

ಇನ್ನು ಕಾರು. 1908ರಿಂದ 1927ರವರೆಗೆ ಹೆನ್ರಿ ಫೋರ್ಡರ ಕಂಪನಿ ಒಂದೂವರೆ ಕೋಟಿ 'ಮಾಡೆಲ್ ಟಿ' ಕಾರುಗಳನ್ನು ತಯಾರಿಸಿತು. ಅದರಲ್ಲಿ ಆಯಿಲ್ ಪಂಪ್ ಇರಲಿಲ್ಲ, ಫಿಲ್ಟರ್ ಇರಲಿಲ್ಲ, ಡಿಪ್‌ಸ್ಟಿಕ್ ಸಹ ಇರಲಿಲ್ಲ. ತಿರುಗುವ ಭಾಗಗಳೇ ಎಣ್ಣೆಯನ್ನು ಎರಚಿ ಎಲ್ಲೆಡೆ ತಲುಪಿಸುತ್ತಿದ್ದವು. ಎಣ್ಣೆ ಎಷ್ಟಿದೆ ಎಂದು ತಿಳಿಯಲು ಒಡೆಯ ಕಾರಿನಡಿ ನುಸುಳಿ, ಒಂದರ ಮೇಲೊಂದಿದ್ದ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಬೇಕಿತ್ತು. ಮೇಲಿನದರಲ್ಲಿ ಬಂದರೆ ಸಾಕಷ್ಟಿದೆ. ಕೆಳಗಿನದರಲ್ಲೂ ಬರದಿದ್ದರೆ ಅಪಾಯ. ಸುಮಾರು 750 ಮೈಲಿಗೊಮ್ಮೆ ಹಳೆಯ ಎಣ್ಣೆಯನ್ನು ಇಳಿಸಿ ಹೊಸದು ತುಂಬಿರೆಂದು ಕಂಪನಿಯ ಕೈಪಿಡಿ ಹೇಳುತ್ತಿತ್ತು. ಊರಿಗೊಂದು ಗ್ಯಾರೇಜ್ ಇಲ್ಲದ ಆ ದಿನಗಳಲ್ಲಿ ರೈತನೂ ಡಾಕ್ಟರೂ ಈ ಕೆಲಸವನ್ನು ತಾವೇ ಮಾಡಿಕೊಂಡರು.

ಇಂದು ಅನೇಕ ಕಾರುಗಳಿಗೆ ಈ ಅವಧಿ 10,000 ಕಿಲೋಮೀಟರ್. ಈ ದೂರವನ್ನು ಹೆಚ್ಚಿಸಿದವರಲ್ಲಿ 1923ರ ಸುಮಾರಿಗೆ ಕಾರಿಗೆ ಫಿಲ್ಟರ್ ತಂದವರೂ ಇದ್ದಾರೆ. ಆದರೆ ದೊಡ್ಡ ಪಾಲು ರಸಾಯನ ವಿಜ್ಞಾನಿಗಳದು ಎಂಬುದು ನನ್ನ ಅಭಿಪ್ರಾಯ. ಎಂಜಿನ್ ಉರಿಯುವಾಗ ಮಸಿ, ನೀರು, ಆಮ್ಲ, ಉರಿಯದ ಇಂಧನ ಎಲ್ಲವೂ ಎಣ್ಣೆಗೆ ಸೇರುತ್ತವೆ. ಮಸಿ ತಳ ಹಿಡಿಯದಂತೆ ತೇಲಿಸಿಡುವ, ಆಮ್ಲವನ್ನು ಮುರಿಯುವ, ಸವೆತ ತಡೆಯುವ ವಸ್ತುಗಳು 1930-40ರ ದಶಕಗಳಲ್ಲಿ ಎಣ್ಣೆಗೆ ಬೆರೆಯತೊಡಗಿದವು. ಆದ್ದರಿಂದ ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಅದು ಮಸಿಯನ್ನು ಎತ್ತಿಕೊಂಡು ತನ್ನ ಕೆಲಸ ಮಾಡುತ್ತಿದೆ. ಡಬ್ಬದ ಮೇಲಿನ '20ಡಬ್ಲ್ಯು-40' ಎಂಬುದರಲ್ಲಿ 'ಡಬ್ಲ್ಯು' ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಚಳಿಯಲ್ಲಿ ಅತಿಯಾಗಿ ಮಂದವಾಗದೆ, ಕಾದಾಗ ಅತಿಯಾಗಿ ತೆಳುವಾಗದೆ ಇರುವ ಇಂಥ ಆಯಿಲ್ 1950ರ ದಶಕದಲ್ಲಿ ಪ್ರಚಾರಕ್ಕೆ ಬಂತು. ಅದಕ್ಕೆ ಮೊದಲು ಶೀತ ದೇಶಗಳಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಆಯಿಲ್ ಹಾಕಬೇಕಾಗಿತ್ತು.

ಕೆಲಸ ಕಷ್ಟದ್ದಲ್ಲ. ಎಂಜಿನನ್ನು ಸ್ವಲ್ಪ ಬೆಚ್ಚಗೆ ಮಾಡಿ ಆರಿಸಿ, ಸಂಪಿನ ತಳದ ಬೋಲ್ಟ್ ಬಿಚ್ಚಿ, ಎಣ್ಣೆ ಪೂರ್ತಿ ಇಳಿಯಲು ಬಿಟ್ಟು, ಫಿಲ್ಟರ್ ಬದಲಿಸಿ, ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿದು, ಕೈಪಿಡಿಯಲ್ಲಿ ಹೇಳಿದಷ್ಟು ತುಂಬಿ ಡಿಪ್‌ಸ್ಟಿಕ್ ನೋಡುವುದು. ಒಂದು ಮಾತು ಮಾತ್ರ ಮರೆಯಬೇಡಿ: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ಹೋಗಬಾರದು. ಹಿರಿಯರೊಬ್ಬರು ಜೊತೆಗಿರಲಿ.

ಕಷ್ಟವಿರುವುದು ಇಳಿಸಿದ ಎಣ್ಣೆಯಲ್ಲಿ. ಬಳಸಿದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ ಸುಡುವಾಗ ಹುಟ್ಟಿದ ವಿಷವಸ್ತುಗಳೂ ಇರುತ್ತವೆ. ಆದರೂ ಬಹುಕಾಲ ಅದನ್ನು ಮಣ್ಣಿಗೋ ಚರಂಡಿಗೋ ಸುರಿಯುವುದು ಹಲವೆಡೆ ರೂಢಿಯಾಗಿತ್ತು. 1970ರ ದಶಕದಲ್ಲಿ ಅಮೆರಿಕದ ಟೈಮ್ಸ್ ಬೀಚ್ ಎಂಬ ಪುಟ್ಟ ಊರು ಧೂಳಡಗಿಸಲು ತನ್ನ ಮಣ್ಣುರಸ್ತೆಗಳಿಗೆ ಹಳೆಯ ಎಣ್ಣೆ ಹೊಡೆಸಿತು. ಅದರಲ್ಲಿ ಕಾರ್ಖಾನೆಯೊಂದರ ಡೈಆಕ್ಸಿನ್ ವಿಷವೂ ಬೆರೆತಿತ್ತು. 1983ರಲ್ಲಿ ಸರ್ಕಾರ ಇಡೀ ಊರನ್ನೇ ಕೊಂಡುಕೊಳ್ಳಲು ಮುಂದಾಯಿತು. ಸುಮಾರು ಎರಡು ಸಾವಿರ ಜನ ಮನೆ ಬಿಟ್ಟರು. ನಮ್ಮಲ್ಲಿ ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯದ ನಿಯಮಗಳಡಿ ಸೇರಿಸಲಾಗಿದೆ. ಅದರ ಮರುಬಳಕೆಯ ಹೊಣೆಯನ್ನು ಆಯಿಲ್ ತಯಾರಕರ ಮೇಲೂ ಹೊರಿಸುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಮನೆಯಲ್ಲಿ ಇಳಿಸಿದ ಎಣ್ಣೆಯನ್ನು ಮುಚ್ಚಳವಿರುವ ಡಬ್ಬದಲ್ಲಿ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. 1999ರ ಮಳೆಗಾಲದ ಆರಂಭದಲ್ಲಿ, ಬಿ.ಎಸ್ಸಿ. ಓದುತ್ತಿದ್ದಾಗ, ಸಾಗರದ ನಮ್ಮ ಮನೆಯಂಗಳದಲ್ಲಿ ಅಪ್ಪನ ಹಳೆಯ ಫಿಯೆಟ್ಟಿನ ಆಯಿಲನ್ನು ಮೊದಲ ಸಲ ನಾನೇ ಬದಲಿಸಿದೆ. ಬೇಲಿಯ ಗೂಟಗಳಿಗೆ ಗೆದ್ದಲು ಹಿಡಿಯದಿರಲೆಂದು ಹಳೆಯ ಎಣ್ಣೆಯನ್ನೆಲ್ಲ ಅವುಗಳ ಬುಡಕ್ಕೆ ಸುರಿದೆ. ಊರಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಬೇಲಿಯಾಚೆ ಹತ್ತು ಹೆಜ್ಜೆಗೆ ಪಕ್ಕದ ಮನೆಯ ಬಾವಿಯಿತ್ತು. ಎರಡು ದಿನ ಜಡಿಮಳೆ ಸುರಿದ ಮೇಲೆ ಆ ಮನೆಯ ಅಜ್ಜಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ತಮ್ಮಾ, ಬಾವಿನೀರಿನ ಮೇಲೆ ಕಾಮನಬಿಲ್ಲು ಬಿದ್ದಿದೆಯಲ್ಲೋ, ಏನದು?"

ಎಣ್ಣೆಯ ತೆಳುಪದರದ ಮೇಲೆ ಬಣ್ಣ ಕಾಣಲು ಬೆಳಕಿನ ವ್ಯತಿಕರಣವೇ ಕಾರಣವೆಂದು ನಾನು ಅದೇ ವರ್ಷ ಪರೀಕ್ಷೆಯಲ್ಲಿ ಬರೆದಿದ್ದೆ. ಅಜ್ಜಿಯ ಮುಂದೆ ಬಾಯಿ ಬರಲಿಲ್ಲ. ನನ್ನ ಬದಲಿಗೆ ಅಪ್ಪ ಹೇಳಿದರು. ಮುಂದಿನ ಬೇಸಿಗೆಯಲ್ಲಿ ಬಾವಿಯ ಕೆಸರೆತ್ತಿಸುವವರೆಗೆ ಆ ಮನೆಗೆ ನಮ್ಮ ನಲ್ಲಿಯಿಂದಲೇ ಕುಡಿಯುವ ನೀರು ಹೋಯಿತು. ದಿನಕ್ಕೆ ನಾಲ್ಕು ಕೊಡ, ಹೊತ್ತವನು ನಾನು.