ಅರಮನೆಯ ಆಟವು ಮಕ್ಕಳ ಮಣೆಗೆ ಬಂದ ಬಗೆ

ಚದುರಂಗವು ಭರತಖಂಡದಲ್ಲಿ ಹುಟ್ಟಿ, ಪಾರಸಿಕ ಮತ್ತು ಅರಬ್ಬೀ ದೇಶಗಳ ಮಾರ್ಗವಾಗಿ ಯುರೋಪು ಖಂಡವನ್ನು ಸೇರಿತೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಸಮ್ಮತವಾದ ಸಂಗತಿ. ಆದರೆ ಈ ಆಟವನ್ನು ಮಕ್ಕಳಿಗೆ ಕ್ರಮವಾಗಿ ಕಲಿಸುವ ಏರ್ಪಾಡು ಎಂದು ಮೊದಲಾಯಿತು, ಯಾರಿಂದಾಯಿತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅರಸರ ವಿನೋದವು ಶಾಲೆಯ ಹುಡುಗರ ಆಟವಾದುದು ಬಹು ಈಚಿನ ಚರಿತ್ರೆ. ಆ ಚರಿತ್ರೆಯ ಪುಟಗಳನ್ನು ತಿರುವಿದರೆ ಗೆದ್ದವರ ಹೆಸರುಗಳೇ ಮೊದಲು ಕಣ್ಣಿಗೆ ಬೀಳುವುವು. ಅವುಗಳ ಹಿಂದೆ ನಿಂತು ಎಲ್ಲವನ್ನೂ ನಡೆಸಿದುದು ಬೇರೊಂದು ಚಿಂತೆ: ಸೋತ ಮಗುವನ್ನು ಮರಳಿ ಮಣೆಯ ಮುಂದೆ ಕೂರಿಸುವುದು ಹೇಗೆ?

ಪ್ರಾಚೀನರು ಚದುರಂಗವನ್ನು ಆದರಿಸಲಿಲ್ಲವೆಂದು ಯಾರೂ ಹೇಳಲಾರರು. ಒಂಬತ್ತನೆಯ ಶತಮಾನದ ಆಲಂಕಾರಿಕನಾದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ಕುದುರೆಯ ನಡಿಗೆಯನ್ನು ಚಿತ್ರಕವಿತ್ವಕ್ಕೆ ಅಳವಡಿಸಿ ತುರಗಪದವೆಂಬ ಬಂಧವನ್ನು ತೋರಿಸಿರುವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ರಾಜವಿನೋದಗಳ ನಡುವೆ ಚತುರಂಗಕ್ಕೂ ಸ್ಥಾನವನ್ನು ಕೊಟ್ಟಿರುವನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (1794–1868) ಮಣೆಯಾಟಗಳಲ್ಲಿ ಅಸಾಧಾರಣ ಪಾಂಡಿತ್ಯವುಳ್ಳವರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯು ಕ್ರೀಡೆಗಳಿಗೇ ಮೀಸಲಾಗಿದೆ. ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ಅವರು ಎಷ್ಟೋ ಬಗೆಯಾಗಿ ರಚಿಸಿದರು. ಆದರೂ ಈ ವೈಭವವೆಲ್ಲ ಅರಮನೆಯ ಸಂಗ್ರಹದಲ್ಲಿ ಉಳಿಯಿತೇ ಹೊರತು ಪಾಠಶಾಲೆಯ ಪಾಠಕ್ರಮವನ್ನು ಸೇರಲಿಲ್ಲ. ಊರುಗಳಲ್ಲಿ ಜಗಲಿಯ ಮೇಲೆ ಹಿರಿಯರು ಆಡುತ್ತಿದ್ದಾಗ ಹುಡುಗರು ಬೆನ್ನ ಹಿಂದೆ ನಿಂತು ನೋಡಿ ಕಲಿತರೆ ಕಲಿತರು, ಇಲ್ಲವಾದರೆ ಇಲ್ಲ.

ಆಶ್ರಯವೊಂದೇ ಸಾಲದೆಂಬುದಕ್ಕೆ ಮೀರ್ ಸುಲ್ತಾನ್ ಖಾನನ ವೃತ್ತಾಂತವು ಸಾಕ್ಷಿಯಾಗಿದೆ. ಪಂಜಾಬಿನ ಈ ಆಟಗಾರನು ಹಿಂದೂಸ್ಥಾನದ ಹಳೆಯ ಪದ್ಧತಿಯಲ್ಲಿ ಆಟ ಕಲಿತವನು. ಆ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯುವನು. ಸರ್ ಉಮರ್ ಹಯಾತ್ ಖಾನನೆಂಬ ಶ್ರೀಮಂತನು ಅವನನ್ನು ವಿಲಾಯತಿಗೆ ಕರೆದೊಯ್ದನು. ಹೊಸ ನಿಯಮಗಳನ್ನು ಕಲಿತು ಅವನು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಪ್ರಶಸ್ತಿಯನ್ನು ಗೆದ್ದನು; ಜಗಜ್ಜೇತನಾಗಿದ್ದ ಕಾಪಾಬ್ಲಾಂಕನನ್ನೂ ಒಮ್ಮೆ ಸೋಲಿಸಿದನು. ಒಡೆಯನು ಸ್ವದೇಶಕ್ಕೆ ಹೊರಟಾಗ ಅವನೂ ಹೊರಟನು, ಅಲ್ಲಿಗೆ ಅವನ ಆಟದ ಚರಿತ್ರೆಯು ಮುಗಿಯಿತು. ದೀಪವು ಉಜ್ಜ್ವಲವಾಗಿಯೇ ಉರಿಯಿತು; ಆದರೆ ಆ ದೀಪದಿಂದ ಇನ್ನೊಂದು ದೀಪವನ್ನು ಹಚ್ಚಿಕೊಳ್ಳಲು ಪಕ್ಕದಲ್ಲಿ ಯಾವ ಮಕ್ಕಳೂ ಕುಳಿತಿರಲಿಲ್ಲ.

ಮಕ್ಕಳನ್ನು ಕೂರಿಸುವ ಕಾರ್ಯವು ದೊಡ್ಡ ಪ್ರಮಾಣದಲ್ಲಿ ನಡೆದುದು ರಷ್ಯಾದಲ್ಲಿ. 1925ರಲ್ಲಿ ಅದೇ ಕಾಪಾಬ್ಲಾಂಕನು ಲೆನಿನ್‌ಗ್ರಾಡ್ ನಗರದಲ್ಲಿ ಏಕಕಾಲಕ್ಕೆ ಅನೇಕರೊಡನೆ ಆಡಿದಾಗ ಹದಿನಾಲ್ಕು ವರ್ಷದ ಶಾಲಾಬಾಲಕನೊಬ್ಬನಿಗೆ ಸೋಲಬೇಕಾಯಿತು. ಆ ಬಾಲಕನು ಆಟ ಕಲಿತು ಎರಡೇ ವರ್ಷಗಳಾಗಿದ್ದುವು. ಅವನೇ 1948ರಲ್ಲಿ ಜಗಜ್ಜೇತನಾದ ಮಿಖಾಯಿಲ್ ಬೋತ್ವಿನ್ನಿಕ್. 1937ರಲ್ಲಿ ಅದೇ ನಗರದ ಆನಿಚ್ಕೊವ್ ಅರಮನೆಯನ್ನು ಮಕ್ಕಳಿಗಾಗಿ ಬಿಟ್ಟುಕೊಟ್ಟು, ಅದಕ್ಕೆ ಪಯೊನೀರ್ ಸೌಧವೆಂದು ಹೆಸರಿಟ್ಟರು. ರಾಜಕುಟುಂಬದವರು ನಡೆದಾಡಿದ ಕೊಠಡಿಗಳಲ್ಲಿ ಶಾಲೆ ಬಿಟ್ಟ ಹುಡುಗರು ಬಂದು ಚದುರಂಗದ ಮಣೆಗಳ ಮುಂದೆ ಕುಳಿತರು. ಆಟವು ಅರಮನೆಯಿಂದ ಹೊರಬರಬೇಕಾದ ಕಷ್ಟವೇ ಅಲ್ಲಿ ಒದಗಲಿಲ್ಲ; ಮಕ್ಕಳೇ ಅರಮನೆಯೊಳಕ್ಕೆ ಹೋದರು.

ಆ ಸೌಧದಲ್ಲಿ ವ್ಲಾದಿಮಿರ್ ಜಾಕ್ ಎಂಬ ಉಪಾಧ್ಯಾಯನಿದ್ದನು. ಆಟಗಾರನಾಗಿ ಅವನಿಗೆ ಲೋಕದಲ್ಲಿ ದೊಡ್ಡ ಹೆಸರಿರಲಿಲ್ಲ. ಯುದ್ಧವು ಮುಗಿದ ಮರುವರ್ಷ, ಎಂದರೆ 1946ರ ಬೇಸಗೆಯಲ್ಲಿ, ಒಂಬತ್ತು ವರ್ಷದ ಬೋರಿಸ್ ಸ್ಪಾಸ್ಕಿ ಎಂಬ ಬಡ ಹುಡುಗನು ಊರಿನ ಉದ್ಯಾನದ ಚದುರಂಗ ಮಂಟಪದಲ್ಲಿ ಹಗಲೆಲ್ಲ ಆಟ ನೋಡುತ್ತ ಕಳೆದನು. ಚಳಿಗಾಲವು ಸಮೀಪಿಸಲು ಮಂಟಪವನ್ನು ಮುಚ್ಚಿದರು. ಬೇರೆಯೂರಿನಲ್ಲಾಗಿದ್ದರೆ ಕಥೆಯು ಅಲ್ಲಿಗೇ ನಿಲ್ಲುತ್ತಿತ್ತು. ಲೆನಿನ್‌ಗ್ರಾಡಿನಲ್ಲಿ ಚಳಿಗಾಲದಲ್ಲಿಯೂ ಬಾಗಿಲು ತೆರೆದಿರುವ ಒಂದು ಮನೆಯಿದ್ದಿತು. ಹುಡುಗನು ಅಲ್ಲಿಗೆ ಹೋಗಿ ಜಾಕನ ಶಿಷ್ಯನಾದನು, 1969ರಲ್ಲಿ ಜಗಜ್ಜೇತನಾದನು. ಟಿಬಿಲಿಸಿ ನಗರದ ಇಂಥದೇ ಸೌಧದಲ್ಲಿ ಕಾರ್ಸೆಲಾಡ್ಜೆ ಎಂಬ ಉಪಾಧ್ಯಾಯನ ಬಳಿ ಕಲಿತ ನೋನಾ ಗಪ್ರಿಂದಾಶ್ವಿಲಿಯು 1962ರಲ್ಲಿ ಸ್ತ್ರೀಯರ ಜಗತ್ಪ್ರಶಸ್ತಿಯನ್ನು ಪಡೆದಳು. 1969ರಲ್ಲಿ ಶಾಲೆಗಳ ತಂಡಗಳಿಗೆಂದೇ ಬಿಳಿಯ ಆನೆಯ ಹೆಸರಿನ ಪಂದ್ಯಾವಳಿಯು ದೇಶವ್ಯಾಪಿಯಾಗಿ ಆರಂಭವಾಯಿತು. ಈ ಏರ್ಪಾಡುಗಳ ಹಿಂದೆ ರಾಷ್ಟ್ರದ ಪ್ರತಿಷ್ಠೆಯ ಹಂಬಲವೂ ಇದ್ದಿತೆಂಬುದನ್ನು ಮರೆಯಲಾಗದು. ಪ್ರಬಲರನ್ನು ಆರಿಸುವುದು ರಾಜ್ಯದ ಉದ್ದೇಶವಾಗಿದ್ದಿತು. ಆದರೆ ಆರಿಸುವುದಕ್ಕೆ ಮೊದಲು ಎಲ್ಲರಿಗೂ ಬಾಗಿಲನ್ನು ತೆರೆಯಲೇಬೇಕಾಯಿತು.

ಬಾಗಿಲು ತೆರೆದ ಮೇಲೆ ಬಂದವರನ್ನು ಆಡಿಸುವ ವಿಧಾನವೊಂದು ಬೇಕು. ಇಲ್ಲಿ ಸ್ವಲ್ಪ ಗಣಿತವನ್ನು ನೋಡುವುದು ಅವಶ್ಯಕ. ಒಂದು ತಾಲ್ಲೂಕಿನ ಶಾಲೆಗಳಿಂದ 64 ಮಕ್ಕಳು ಪಂದ್ಯಾವಳಿಗೆ ಬಂದರೆನ್ನೋಣ. ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಆಡಬೇಕೆಂದರೆ 63 ಸುತ್ತುಗಳೂ 2016 ಆಟಗಳೂ ಆಗುವುವು. ಅಷ್ಟಕ್ಕೆ ಯಾವ ರಜೆಯೂ ಸಾಲದು. ಸೋತವರನ್ನು ಕೈಬಿಡುತ್ತ ಹೋದರೆ 63 ಆಟಗಳಲ್ಲಿ ಕೆಲಸ ಮುಗಿಯುವುದು. ಆದರೆ ಮೊದಲನೆಯ ಸುತ್ತಿನಲ್ಲಿಯೇ 32 ಮಕ್ಕಳು ಒಂದೂ ಗೆಲುವನ್ನು ಕಾಣದೆ ಚೀಲವನ್ನು ಹೆಗಲಿಗೇರಿಸಿ ಮನೆಯ ದಾರಿ ಹಿಡಿಯುವರು. ಬೆಳಗಾಗುವ ಮುನ್ನ ಎದ್ದು, ಬುತ್ತಿ ಕಟ್ಟಿಸಿಕೊಂಡು, ಹಳ್ಳಿಯಿಂದ ಮೋಟಾರಿನಲ್ಲಿ ಬಂದ ಹುಡುಗಿಯು ಅರ್ಧ ಗಂಟೆಯೊಳಗೆ ಹಿಂದಿರುಗಬೇಕಾದರೆ, ಮರುವರ್ಷ ಅವಳು ಬರುವಳೆಂದು ನಂಬುವುದು ಹೇಗೆ?

ಇದಕ್ಕೆ ಪರಿಹಾರವು ಸ್ವಿಟ್ಜರ್ಲೆಂಡಿನಿಂದ ಬಂದಿತು. 1895ರಲ್ಲಿ ಜೂರಿಕ್ ನಗರದ ಪಂದ್ಯಾವಳಿಯಲ್ಲಿ ಜೂಲಿಯಸ್ ಮುಲ್ಲರ್ ಎಂಬವನ ಯೋಜನೆಯಂತೆ ಹೊಸ ಕ್ರಮವೊಂದನ್ನು ಅನುಸರಿಸಿದರು. ಅದಕ್ಕೆ ಸ್ವಿಸ್ ಪದ್ಧತಿಯೆಂದೇ ಹೆಸರಾಯಿತು. ಅದರಲ್ಲಿ ಯಾರನ್ನೂ ಹೊರಗೆ ಕಳುಹಿಸುವುದಿಲ್ಲ. ಗೆದ್ದವರಿಗೆ ಗೆದ್ದವರೂ ಸೋತವರಿಗೆ ಸೋತವರೂ ಮುಂದಿನ ಸುತ್ತಿನಲ್ಲಿ ಎದುರಾಗುವರು. ಒಮ್ಮೆ ಆಡಿದ ಜೋಡಿಯು ಮತ್ತೊಮ್ಮೆ ಸೇರುವುದಿಲ್ಲ. 64 ಮಕ್ಕಳು ಹೀಗೆ ಆರು ಸುತ್ತುಗಳನ್ನು ಆಡಿದರೆ 192 ಆಟಗಳಾಗುವುವು. ಸಮವಾದ ಆಟಗಳಿಲ್ಲವೆಂದು ಭಾವಿಸಿದಲ್ಲಿ ಆರೂ ಗೆದ್ದವನು ಒಬ್ಬನೇ ಉಳಿಯುವನು. ಐದು ಗೆದ್ದವರು 6 ಮಂದಿ, ನಾಲ್ಕು ಗೆದ್ದವರು 15, ಮೂರು ಗೆದ್ದವರು 20, ಎರಡು ಗೆದ್ದವರು 15, ಒಂದು ಗೆದ್ದವರು 6, ಏನೂ ಗೆಲ್ಲದವನು ಒಬ್ಬನು.

ಛಂದಶ್ಶಾಸ್ತ್ರವನ್ನು ಓದಿದವರು ಈ ಅಂಕಗಳನ್ನು ನೋಡಿದೊಡನೆ ಗುರುತು ಹಿಡಿಯುವರು. 1, 6, 15, 20, 15, 6, 1 ಎಂಬುದು ಪಿಂಗಲಸೂತ್ರಗಳಿಗೆ ವ್ಯಾಖ್ಯಾನ ಬರೆದ ಹಲಾಯುಧನು ವಿವರಿಸಿದ ಮೇರುಪ್ರಸ್ತಾರದ ಪಂಕ್ತಿಯೇ ಆಗಿದೆ. ಆರು ಅಕ್ಷರಗಳ ಪಾದದಲ್ಲಿ ಗುರುಲಘುಗಳು ಹಂಚಿಕೊಳ್ಳುವಂತೆಯೇ ಆರು ಸುತ್ತುಗಳಲ್ಲಿ ಸೋಲುಗೆಲುವುಗಳು ಹಂಚಿಕೊಳ್ಳುವುವು. ಇದರ ಫಲವನ್ನು ವಾಚಕರು ಗಮನಿಸಬೇಕು. ಹಿಂದಿನ ಕ್ರಮದಲ್ಲಿ ಒಂದೂ ಗೆಲ್ಲದೆ ಹೋಗುತ್ತಿದ್ದವರು 32 ಮಕ್ಕಳು. ಈ ಕ್ರಮದಲ್ಲಿ ಒಂದೇ ಮಗು. ಉಳಿದ 63 ಮಕ್ಕಳು ಸಂಜೆ ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ಒಂದಾದರೂ ಗೆಲುವುಳ್ಳವರು. ಆ ಒಂದು ಮಗುವಿಗೂ ತನ್ನಂಥವರೊಡನೆ ಆರು ಆಟಗಳನ್ನು ಆಡಿದ ಅಭ್ಯಾಸವು ಉಳಿಯುವುದು. ಗೆದ್ದವನಿಗೆ ಈ ವಿಧಾನದಿಂದ ಯಾವ ನಷ್ಟವೂ ಇಲ್ಲ, ಸೋತವರಿಗೆ ಮಹದುಪಕಾರವುಂಟು. ಈ ಕಾರಣದಿಂದಲೇ ಇಂದು ಶಾಲಾಮಕ್ಕಳ ಪಂದ್ಯಾವಳಿಗಳು ಬಹುತೇಕ ಈ ಪದ್ಧತಿಯಲ್ಲಿಯೇ ನಡೆಯುವುವು.

ರಷ್ಯಾದ ಸಂಪ್ರದಾಯವು ದಕ್ಷಿಣ ಭಾರತವನ್ನು ಮುಟ್ಟಿದುದು ಮದರಾಸಿನಲ್ಲಿ. 1961ರಲ್ಲಿ ಭಾರತೀಯರಲ್ಲಿ ಮೊದಲಿಗರಾಗಿ ಇಂಟರ್‌ನ್ಯಾಷನಲ್ ಮಾಸ್ಟರ್ ಪದವಿಯನ್ನು ಪಡೆದ ಮ್ಯಾನುಯೆಲ್ ಆರನ್ ಅವರು 1972ರಲ್ಲಿ ಅಲ್ಲಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಒಂದು ಚದುರಂಗ ಸಂಘವನ್ನು ತೆರೆದರು. ಅದಕ್ಕೆ ಮಿಖಾಯಿಲ್ ತಾಲನ ಹೆಸರನ್ನಿಟ್ಟರು. 1960ರಲ್ಲಿ ಜಗಜ್ಜೇತನಾದ ತಾಲನೂ ರೀಗಾ ನಗರದ ಪಯೊನೀರ್ ಸೌಧದಲ್ಲಿ ಬೆಳೆದವನಾದುದರಿಂದ ಆ ಹೆಸರು ಬಹು ಉಚಿತವಾಗಿದ್ದಿತು.

ಈ ಸಂಘಕ್ಕೆ ಬಂದ ಹುಡುಗರಲ್ಲಿ ವಿಶ್ವನಾಥನ್ ಆನಂದ್ ಒಬ್ಬರು. 1969ರಲ್ಲಿ ಜನಿಸಿದ ಅವರಿಗೆ ಆರನೆಯ ವಯಸ್ಸಿನಲ್ಲಿ ಮಣೆಯ ಮೇಲಿನ ಓಲೆಯನ್ನು ಬಿಡಿಸಿದವರು ತಾಯಿ ಸುಶೀಲಾ. ತಂದೆಯ ಉದ್ಯೋಗದ ನಿಮಿತ್ತ ಕುಟುಂಬವು ಕೆಲಕಾಲ ಮನಿಲಾ ನಗರದಲ್ಲಿದ್ದಾಗ ಅಲ್ಲಿನ ದೂರದರ್ಶನದಲ್ಲಿ ಮಧ್ಯಾಹ್ನ ಚದುರಂಗದ ಸಮಸ್ಯೆಗಳನ್ನು ಕೊಡುತ್ತಿದ್ದರು. ಮಗನು ಶಾಲೆಯಲ್ಲಿರುತ್ತಿದ್ದುದರಿಂದ ತಾಯಿಯೇ ಅವುಗಳನ್ನು ಬರೆದಿಟ್ಟುಕೊಂಡು ಸಂಜೆ ಮಗನೊಡನೆ ಬಿಡಿಸುವರು. ಗೆದ್ದವರಿಗೆ ಪುಸ್ತಕವು ಬಹುಮಾನ. ಹುಡುಗನು ಮತ್ತೆ ಮತ್ತೆ ಗೆಲ್ಲಲು, ಬೇಕಾದಷ್ಟು ಪುಸ್ತಕಗಳನ್ನು ಒಯ್ದು ಇನ್ನು ಉತ್ತರ ಕಳುಹಿಸದಿರೆಂದು ಕಡೆಗೆ ಅವರು ಬೇಡಿಕೊಳ್ಳಬೇಕಾಯಿತು.

ಮದರಾಸಿನ ಸಂಘದ ಪದ್ಧತಿಯು ಸರಳವಾದುದು. ಶೀಘ್ರಾಟಗಳಲ್ಲಿ ಗೆದ್ದವನು ಮಣೆಯ ಮುಂದೆ ಉಳಿಯುವನು. ಸೋತವನು ಎದ್ದು ಸಾಲಿನ ಕೊನೆಗೆ ಹೋಗಿ ನಿಲ್ಲುವನು. ಇದು ಮೇಲುನೋಟಕ್ಕೆ ನಿರ್ದಯವೆಂದು ತೋರಿದರೂ ಸಾಲಿನ ಕೊನೆಯು ಬಾಗಿಲ ಹೊರಗೆ ಇರಲಿಲ್ಲವೆಂಬುದೇ ಮುಖ್ಯ. ಸಾಲು ಸರಿದಂತೆ ಸೋತ ಹುಡುಗನ ಸರದಿಯೂ ಮರಳಿ ಬರುತ್ತಿದ್ದಿತು. ಕಾಯುವಾಗ ಕಣ್ಣೆದುರಿನ ಆಟವೇ ಪಾಠ. ಆನಂದರ ಆಟದ ವೇಗವು ಈ ಸಾಲಿನಲ್ಲಿ ಪಳಗಿತು. ಅವರು 1987ರಲ್ಲಿ ಕಿರಿಯರ ಜಗಜ್ಜೇತರೂ 1988ರಲ್ಲಿ ಭಾರತದ ಪ್ರಥಮ ಗ್ರ್ಯಾಂಡ್‌ಮಾಸ್ಟರರೂ ಆದರು. 2000ದಲ್ಲಿ ಮೊದಲ ಸಲ ಜಗತ್ಪ್ರಶಸ್ತಿಯನ್ನು ಪಡೆದು, 2007ರಿಂದ 2013ರವರೆಗೆ ಅದನ್ನು ಧರಿಸಿದ್ದರು.

ಇದರ ಫಲವು ಒಬ್ಬರಲ್ಲಿಯೇ ನಿಲ್ಲಲಿಲ್ಲ. ಚೆನ್ನೈ ನಗರದ ಶಾಲೆಗಳಲ್ಲಿ ಚದುರಂಗವು ದಿನಚರಿಯ ಭಾಗವಾಯಿತು. 2006ರಲ್ಲಿ ಹುಟ್ಟಿದ ಗುಕೇಶ್ ಏಳನೆಯ ವಯಸ್ಸಿನಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆಯಂತೆ ಆಟವನ್ನು ಕಲಿತವರು. ಅವರು 2024ರ ಡಿಸೆಂಬರಿನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸಿಂಗಪುರದಲ್ಲಿ ಜಗಜ್ಜೇತರಾದರು. ಇತ್ತ ಕನ್ನಡ ನಾಡಿಗೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಪದವಿಯು ಬಂದುದು 2017ರಲ್ಲಿ, ಮೈಸೂರಿನ ತೇಜಕುಮಾರರ ಮೂಲಕ. ಕೌತುಕನಿಧಿಯನ್ನು ಬರೆಯಿಸಿದ ಅರಸರು ಕಾಲವಾಗಿ ಆ ವೇಳೆಗೆ 149 ವರ್ಷಗಳು ಸಂದಿದ್ದುವು. ಪಾಂಡಿತ್ಯದ ಕೊರತೆಯಿಂದ ಈ ವಿಳಂಬವಾಯಿತೆನ್ನಲಾಗದು. ಅರಮನೆಯ ಮಣೆಗೂ ಊರ ಹುಡುಗನಿಗೂ ನಡುವೆ ಒಂದು ಕೊಠಡಿಯು ಬೇಕಾಗಿದ್ದಿತು.

ಜಗಜ್ಜೇತರ ಹೆಸರುಗಳನ್ನು ಇಲ್ಲಿ ಹೇಳಿದುದು ಸಾಕ್ಷಿಗಾಗಿ ಮಾತ್ರ. ಯಾವ ಸಂಘವಾದರೂ ತನ್ನ ಮಕ್ಕಳಲ್ಲಿ ಸಾವಿರಕ್ಕೊಬ್ಬರನ್ನು ಪದವಿಗೆ ಏರಿಸಿದರೆ ಅದು ದೈವಾನುಗ್ರಹ. ಉಳಿದವರು ವೈದ್ಯರೋ ವರ್ತಕರೋ ರೈತರೋ ಆಗುವರು. ಅವರಿಗೆ ಆಟದಿಂದ ದೊರೆಯಬೇಕಾದುದು ಯಾವುದು? ತಾನಾಗಿಯೇ ಮಾಡಿದ ತಪ್ಪಿಗೆ ಬೇರೊಬ್ಬರನ್ನು ದೂರದೆ, ಎದುರಾಳಿಯ ಕೈಕುಲುಕಿ, ಕಾಯಿಗಳನ್ನು ಮರಳಿ ಜೋಡಿಸುವ ಅಭ್ಯಾಸ. ಇದನ್ನು ನೀತಿಪಾಠದ ಪುಸ್ತಕವು ಬೋಧಿಸಬಲ್ಲುದು, ಮಾಡಿಸಲಾರದು. ಈಚೆಗೆ ಪಂದ್ಯಾವಳಿಗಳಲ್ಲಿ ಬಹುಮಾನದ ಮೊತ್ತವೂ ಅಂಕಗಳ ಗಣನೆಯೂ ಬೆಳೆದಿವೆ. ಬಾಗಿಲ ಬಳಿ ಕಾಯುವ ತಂದೆತಾಯಿಗಳು ಹೊರಬಂದ ಮಗುವನ್ನು ಕೇಳುವ ಮೊದಲ ಪ್ರಶ್ನೆಯು ಗೆದ್ದೆಯೋ ಸೋತೆಯೋ ಎಂಬುದು. ಸೋತೆನೆಂದಾಗ ಅವರ ಮುಖದಲ್ಲಿ ಕಾಣುವ ಛಾಯೆಯು ಮಗುವನ್ನು ಮಣೆಯಿಂದ ದೂರಮಾಡುವಷ್ಟು ಬಲವುಳ್ಳದ್ದು. ಜೂರಿಕ್ಕಿನ ಗಣಿತವು ಉಳಿಸಿಕೊಟ್ಟ ಮಗುವನ್ನು ಮನೆಯವರೇ ಕಳೆದುಕೊಳ್ಳುವಂತಾಗುವುದು.

ಇಷ್ಟೆಲ್ಲಕ್ಕೂ ಬೇಕಾದ ಸಾಮಗ್ರಿಯು ಅತ್ಯಲ್ಪ: ಹತ್ತು ಮಣೆಗಳು, ವಾರಕ್ಕೊಂದು ಸಂಜೆ ತಪ್ಪದೆ ತೆರೆಯುವ ಶಾಲೆಯ ಕೊಠಡಿ, ಜಾಕನಂತೆ ತನ್ನ ಕೀರ್ತಿಯನ್ನು ಬಯಸದ ಒಬ್ಬ ಉಪಾಧ್ಯಾಯ. ಮಳೆಗಾಲದಲ್ಲಿ ನಾಲ್ಕೇ ಮಕ್ಕಳು ಬಂದ ದಿನವೂ ಆ ಉಪಾಧ್ಯಾಯನು ಬೀಗವನ್ನು ತೆಗೆಯಬೇಕು. ಆ ನಾಲ್ವರಲ್ಲಿ ಹಿಂದಿನ ವಾರ ಎಲ್ಲ ಆಟಗಳನ್ನೂ ಸೋತ ಮಗುವೊಂದು ಇದ್ದರೆ, ಆ ಸಂಘವು ನೆಟ್ಟಗೆ ನಡೆಯುತ್ತಿದೆಯೆಂದು ತಿಳಿಯಬಹುದು.