ಹಳೆಯ ಫೋಟೊಗಳಲ್ಲಿನ ಮೋಟಾರು ಕಾರುಗಳ ಗುರುತು ಪತ್ತೆ

ಮನೆತನದ ಹಳೆಯ ಫೋಟೊದಲ್ಲಿ ಕಾಣುವ ಹೆಸರು ತಿಳಿಯದ ಕಾರನ್ನು ತಯಾರಿಸಿದವರು ಯಾರು, ಅದು ಯಾವ ಮಾದರಿ, ಯಾವ ವರ್ಷದ್ದು ಎಂಬುದನ್ನು ಚಿತ್ರದೊಳಗಿನ ಕುರುಹುಗಳಿಂದ ಗೊತ್ತುಮಾಡುವ ಕೆಲಸ. ಹೆಚ್ಚಿನ ಪತ್ತೆ ನಡೆಯುವುದು 1890ರ ದಶಕದಿಂದ 1930ರವರೆಗಿನ ಕಾರುಗಳ ಬಗ್ಗೆ. ಆಗ ಯುರೋಪು, ಅಮೆರಿಕಗಳಲ್ಲಿ ಕಾರು ತಯಾರಕರು ಅಸಂಖ್ಯ. ಹಲವರು ಒಂದೆರಡು ವರ್ಷಗಳಲ್ಲೇ ಬಾಗಿಲು ಹಾಕಿದರು. ಎಂಜಿನ್ನು ಕೂರಿಸಿದ ಚಾಸಿಯನ್ನು ಒಂದು ಕಂಪನಿಯಿಂದ ಕೊಂಡು, ಮೇಲಿನ ಬಾಡಿಯನ್ನು ಸಾರೋಟು ಕಟ್ಟುವವರಿಂದ ಮಾಡಿಸಿಕೊಳ್ಳುವ ರೂಢಿಯೂ ಇತ್ತು. 1840ರಲ್ಲಿ ಮದರಾಸಿನಲ್ಲಿ ಶುರುವಾದ ಸಿಂಪ್ಸನ್ ಕಂಪನಿ ಇಂಥ ಸಾರೋಟು ತಯಾರಕರಲ್ಲಿ ಒಂದು. ಆದ್ದರಿಂದ ಸೀಟು, ಬಾಗಿಲು, ಹುಡ್ಡುಗಳ ಅಂದವನ್ನು ನೋಡಿ ಕಾರಿನ ಹೆಸರು ಹೇಳಲು ಹೊರಟರೆ ತಪ್ಪುವುದೇ ಹೆಚ್ಚು. ಕಣ್ಣು ಅದಕ್ಕಿಂತ ಕೆಳಗೆ ಇಳಿಯಬೇಕು.

ಈ ಕೆಲಸಕ್ಕೆ ಶಿಸ್ತು ಬಂದದ್ದು ಬ್ರಿಟನ್ನಿನಲ್ಲಿ. 1896ರ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್ನಿಗೆ ನಡೆದ ಮೋಟಾರು ಯಾತ್ರೆಯ ನೆನಪಿನ ಓಟ 1927ರಲ್ಲಿ ಆರಂಭವಾಯಿತು. 1930ರಲ್ಲಿ ವೆಟರನ್ ಕಾರ್ ಕ್ಲಬ್ ಹುಟ್ಟಿತು. ಓಟಕ್ಕೆ 1905ಕ್ಕಿಂತ ಮೊದಲಿನ ಕಾರು ಬೇಕೆಂಬ ನಿಯಮದಿಂದಾಗಿ ಒಂದೇ ವರ್ಷದ ಅಂತರವೂ ದೊಡ್ಡದಾಯಿತು. ಮಾಲೀಕರ ಮಾತಷ್ಟೇ ಸಾಲದೆ, ಕ್ಲಬ್ಬು ಕಾರುಗಳ ವಯಸ್ಸನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡತೊಡಗಿತು. ಹಳೆಯ ಕ್ಯಾಟಲಾಗು, ಜಾಹೀರಾತು, ಫೋಟೊಗಳಿಗೆ ಸಾಕ್ಷ್ಯದ ಬೆಲೆ ಬಂತು. ಬ್ಯೂಲಿಯಲ್ಲಿ 1952ರಲ್ಲಿ ತೆರೆದ ಸಂಗ್ರಹಾಲಯವೂ 1968ರಲ್ಲಿ ಹೊರಬಂದ ಜಿ. ಎನ್. ಜಾರ್ಜಾನೊ ಅವರ ಕಾರು ವಿಶ್ವಕೋಶವೂ ಮುಂದೆ ಈ ಕೆಲಸಕ್ಕೆ ಆಧಾರವಾದವು.

ಮೊದಲು ನೋಡುವುದು ರೇಡಿಯೇಟರನ್ನು, ಅದು ಕಾರಿನ ಮುಖ. ರೋಲ್ಸ್‌ ರಾಯ್ಸ್‌ನದು ಗ್ರೀಕ್ ದೇಗುಲದ ಮುಂಭಾಗದಂಥ ಆಕಾರ. ಇಂಗ್ಲೆಂಡಿನ ಡೈಮ್ಲರ್‌ಗೆ 1904ರಿಂದ ರೇಡಿಯೇಟರಿನ ನೆತ್ತಿಯಲ್ಲಿ ಸಾಲು ಏಣುಗಳು. 1913ರಿಂದ 1926ರವರೆಗಿನ ಮಾರಿಸ್ ಕಾರಿಗೆ ಗುಂಡಗಿನ ಮೂತಿ. ರೆನೋ ಕಂಪನಿಯದು ಇನ್ನೊಂದೇ ದಾರಿ: ರೇಡಿಯೇಟರು ಎಂಜಿನ್ನಿನ ಹಿಂದೆ, ಬಾನೆಟ್ಟು ಮುಂದಕ್ಕೆ ಜಾರುವ ಇಳಿಜಾರು. ಹಾಗೆಂದು ಇಳಿಜಾರು ಬಾನೆಟ್ಟು ಕಂಡ ಕೂಡಲೇ ರೆನೋ ಎನ್ನುವಂತಿಲ್ಲ. ಷಾರೋನ್, ಕ್ಲೆಮಾಂ ಬಯಾರ್ ಕಾರುಗಳಿಗೂ ಅಂಥದೇ ಬಾನೆಟ್ಟು ಇತ್ತು, ಪತ್ತೆದಾರರು ಎಡವುವ ಜಾಗಗಳಲ್ಲಿ ಇದೊಂದು.

ಇಂಥಲ್ಲಿ ಕೈಹಿಡಿಯುವುದು ಗಾಲಿಯ ನಡುವಿನ ಪುಟ್ಟ ಹಿತ್ತಾಳೆ ಮುಚ್ಚಳ, ಹಬ್ ಕ್ಯಾಪ್. ಫೋಟೊ ತೆಗೆಸಿಕೊಂಡವರು ರೇಡಿಯೇಟರಿಗೆ ಒರಗಿ ನಿಂತು ಅದರ ಲಾಂಛನವನ್ನು ಮುಚ್ಚಿರುತ್ತಾರೆ. ಹಬ್ ಕ್ಯಾಪನ್ನು ಮುಚ್ಚುವವರು ಕಡಿಮೆ. ಅದರ ಮೇಲೆ ಹಲವು ಕಂಪನಿಗಳು ತಮ್ಮ ಹೆಸರನ್ನೇ ಒತ್ತಿಸುತ್ತಿದ್ದವು. ಪ್ಯಾಕಾರ್ಡ್‌ ಮುಚ್ಚಳದಲ್ಲಿ ಷಟ್ಕೋನ ಇರುತ್ತದೆ, ಅಕ್ಷರ ಮಸುಕಾದರೂ ಅದು ಕಾಣುತ್ತದೆ. ಅದಕ್ಕೇ ಅಜ್ಜ ಅಜ್ಜಿಯರ ಮುಖವನ್ನಷ್ಟೇ ಉಳಿಸಿ ಫೋಟೊ ಕತ್ತರಿಸಬಾರದು. ಕತ್ತರಿಸಿ ಎಸೆದ ಅಂಚಿನಲ್ಲೇ ಉತ್ತರ ಹೋಗಿಬಿಟ್ಟಿರಬಹುದು.

ಕಾರು ಪಕ್ಕಕ್ಕೆ ನೇರವಾಗಿ ನಿಂತಿದ್ದರೆ ಅಳತೆಯೂ ಸಾಧ್ಯ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 100 ಇಂಚು ಅಂತರ. ಬಹುಕಾಲ ಅದರ ಟೈರಿನ ವ್ಯಾಸ 30 ಇಂಚು. ಫೋಟೊ ಮೇಲೆ ಅಳತೆಪಟ್ಟಿ ಇಟ್ಟು ಅಚ್ಚುಗಳ ಅಂತರವನ್ನು ಗಾಲಿಯ ಅಗಲದಿಂದ ಭಾಗಿಸಿದಾಗ ಮೂರೂಕಾಲಿಗೆ ತುಸು ಹೆಚ್ಚು ಬಂದರೆ ಮಾಡೆಲ್ ಟಿ ಇರಬಹುದು. ನಾಲ್ಕು ಬಂದರೆ ಖಂಡಿತ ಅಲ್ಲ. ಅದೇ ಕಾರಿನ ರೇಡಿಯೇಟರು ಹಿತ್ತಾಳೆಯದಾಗಿದ್ದರೆ 1917ರ ಮಾದರಿಗಿಂತ ಹಿಂದಿನದು. ಆಮೇಲೆ ಕಪ್ಪು ಕವಚ ಬಂತು.

ಕಾಲ ತಿಳಿಸುವ ಕುರುಹುಗಳು ಬೇರೆ. ಹಿಂಬದಿಯ ಸೀಟಿಗೆ ಹತ್ತಲು ಹಿಂದೆಯೇ ಬಾಗಿಲಿದ್ದರೆ ಕಾರು ಬಹುಮಟ್ಟಿಗೆ 1905ರ ಆಸುಪಾಸಿಗೆ ಮೊದಲಿನದು. ಫುಟ್‌ಬೋರ್ಡಿನ ಮೇಲೆ ಹಿತ್ತಾಳೆ ಡಬ್ಬಿ, ಅಲ್ಲಿಂದ ಹೆಡ್‌ಲೈಟಿಗೆ ರಬ್ಬರ್ ಕೊಳವೆ ಇದ್ದರೆ ಅದು ಅಸಿಟಿಲೀನ್ ದೀಪ: ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಗ್ಯಾಸು ಹುಟ್ಟಿಸುವ, ನಮ್ಮ ಜಾತ್ರೆಯ ಅಂಗಡಿಗಳಲ್ಲಿ ಉರಿಯುತ್ತಿದ್ದ ಅದೇ ದೀಪದ ತತ್ವ. 1912ರ ಕ್ಯಾಡಿಲಾಕ್ ವಿದ್ಯುತ್ ಸ್ಟಾರ್ಟರನ್ನೂ ವಿದ್ಯುತ್ ದೀಪವನ್ನೂ ತಂದ ಮೇಲೆ ಡಬ್ಬಿಗಳು ಕ್ರಮೇಣ ಮಾಯವಾದವು. ಮುಂದಿನ ಗಾಲಿಗಳಿಗೂ ಬ್ರೇಕ್ ಡ್ರಮ್ ಇದ್ದರೆ ಸಾಮಾನ್ಯವಾಗಿ 1920ರ ದಶಕದ ನಡುಭಾಗಕ್ಕೆ ಬರಬೇಕು.

ಫುಟ್‌ಬೋರ್ಡಿನ ಪಕ್ಕ ಕಡ್ಡಿಗಳೇ ಇಲ್ಲದ ಬೋಳು ಚಕ್ರವೊಂದು ಕಟ್ಟಿದ್ದರೆ ಅದು ಮೂಲ ಸ್ಟೆಪ್ನಿ. ಆಗಿನ ಗಾಲಿಗಳನ್ನು ದಾರಿಯಲ್ಲಿ ಬಿಚ್ಚಿ ಬದಲಿಸುವಂತಿರಲಿಲ್ಲ. ಪಂಕ್ಚರಾದ ಗಾಲಿಗೇ ಈ ಚಕ್ರವನ್ನು ಹಿಡಿಕೆಗಳಿಂದ ಬಿಗಿಯುತ್ತಿದ್ದರು. 1904ರ ಹೊತ್ತಿಗೆ ಇದನ್ನು ತಯಾರಿಸಿದ ಡೇವಿಸ್ ಸೋದರರ ಅಂಗಡಿ ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿತ್ತು. ಆ ವಸ್ತು ರಸ್ತೆಯಿಂದ ಮರೆಯಾಗಿ ಎಷ್ಟೋ ಕಾಲವಾಯಿತು, ಬೀದಿಯ ಹೆಸರು ಮಾತ್ರ ಕರ್ನಾಟಕದ ಪ್ರತಿ ಗ್ಯಾರೇಜಿನಲ್ಲೂ ದಿನಕ್ಕೆ ಹತ್ತಾರು ಸಲ ಕೇಳುತ್ತದೆ.

ಬ್ರಿಟನ್ನಿನ ಫೋಟೊಗಳಲ್ಲಿ ನಂಬರ್ ಪ್ಲೇಟು ದೊಡ್ಡ ನೆರವು. 1904ರ ಜನವರಿ 1ರಿಂದ ನೋಂದಣಿ ಕಡ್ಡಾಯವಾಯಿತು. ‘ಎ’ ಎಂದರೆ ಲಂಡನ್, ‘ಡಿ’ ಎಂದರೆ ಕೆಂಟ್, ‘ಎಸ್’ ಎಂದರೆ ಎಡಿನ್‌ಬರೊ. ಪ್ಲೇಟು ಓದಲು ಸಿಕ್ಕರೂ ಕೆಲಸ ಮುಗಿಯದು: ಆ ಕಾಲದಲ್ಲಿ ಮಾಲೀಕರು ಹಳೆಯ ನಂಬರನ್ನೇ ಹೊಸ ಕಾರಿಗೆ ಹಾಕಿಸಿಕೊಂಡದ್ದುಂಟು, ನೋಂದಣಿ ಪುಸ್ತಕಗಳಲ್ಲಿ ಹಲವು ನಾಶವಾಗಿವೆ. ಗಾಜಿನ ಮೇಲೆ ದುಂಡನೆಯ ತೆರಿಗೆ ಚೀಟಿ ಕಂಡರೆ ಮಾತ್ರ ಸಂಶಯವಿಲ್ಲ. ಅದು ಜಾರಿಗೆ ಬಂದದ್ದು 1921ರಲ್ಲಿ, ಫೋಟೊ ಅದಕ್ಕಿಂತ ಹಿಂದಿನದಾಗಿರಲಾರದು.

ಫೋಟೊ ತಾನೇ ಮೋಸಮಾಡುವುದೂ ಉಂಟು. ಆ ಕಾಲದ ಗಾಜಿನ ಪ್ಲೇಟುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ, ಹಾಗಾಗಿ ಕೆಂಪು ಕಾರು ಕಪ್ಪಾಗಿ, ನೀಲಿ ಕಾರು ಬಿಳಿಚಿಕೊಂಡು ಮೂಡುತ್ತಿತ್ತು. ಬಣ್ಣದ ಬಗ್ಗೆ ಮನೆಯವರ ನೆನಪನ್ನು ಫೋಟೊ ತೋರಿಸಿ ಅಲ್ಲಗಳೆಯಬಾರದು. ನೆಗೆಟಿವ್ ತಿರುವುಮುರುವಾಗಿ ಅಚ್ಚಾದರೆ ಸ್ಟಿಯರಿಂಗು ಬಲದಿಂದ ಎಡಕ್ಕೆ ಹೋಗುತ್ತದೆ. ಕೋಟಿನ ಗುಂಡಿಗಳನ್ನು ನೋಡಿ ಇದನ್ನು ಹಿಡಿಯಬಹುದು. ಕಡಲತೀರದ ಸ್ಟುಡಿಯೋಗಳಲ್ಲಿ ಹಲಗೆಯ ಮೇಲೆ ಬರೆದ ಕಾರುಗಳೂ ಇರುತ್ತಿದ್ದವು. ಗಾಲಿ ನೆಲಕ್ಕೆ ನೆರಳು ಬೀಳಿಸದಿದ್ದರೆ ಅನುಮಾನಿಸಬೇಕು.

ಕಾರಿನ ವರ್ಷವೂ ಫೋಟೊದ ವರ್ಷವೂ ಒಂದೇ ಆಗಿರಬೇಕಿಲ್ಲ. 1909ರ ಕಾರು ಮೂರನೆಯ ಮಾಲೀಕರ ಕೈಯಲ್ಲಿ, ಹೊಸ ಬಾಡಿ ತೊಟ್ಟು, 1919ರ ಮದುವೆಯ ಫೋಟೊದಲ್ಲಿ ನಿಂತಿರಬಹುದು. ಅನುಭವಿಗಳು ಇವೆರಡನ್ನೂ ಬೇರೆ ಬೇರೆಯಾಗಿ ಬರೆದಿಡುತ್ತಾರೆ: ಕಾರಿನದನ್ನು ಗಾಲಿ, ರೇಡಿಯೇಟರುಗಳಿಂದ, ಫೋಟೊದ್ದನ್ನು ಉಡುಪಿನಿಂದ, ಹಿಂಬದಿಯ ಬರಹದಿಂದ, ತೊಡೆಯ ಮೇಲೆ ಕುಳಿತ ಮಗುವಿನ ವಯಸ್ಸಿನಿಂದ.