ಪ್ರತಿಯಿಂದ ಪ್ರತಿಗೆ: ವಿಎಚ್‌ಎಸ್ ಟೇಪು ಮತ್ತು ಜಪಾನಿನ ‘ರಿಂಗು’

ಜಾನಪದವು ಬಾಯಿಂದ ಬಾಯಿಗೆ ಹರಿಯುವುದೆಂಬುದು ಬಹುಕಾಲದಿಂದ ಬಂದ ತಿಳಿವಳಿಕೆ. ಯಂತ್ರದಿಂದ ಯಂತ್ರಕ್ಕೆ ಹರಿಯುವ ಐತಿಹ್ಯವನ್ನು ಎಲ್ಲಿಗೆ ಸೇರಿಸಬೇಕೆಂಬ ಪ್ರಶ್ನೆಯನ್ನು ಹಿದೆಯೊ ನಕಾತ ನಿರ್ದೇಶಿಸಿದ ‘ರಿಂಗು’ (1998) ಚಿತ್ರ ಎತ್ತುತ್ತದೆ. ಕೋಜಿ ಸುಝುಕಿಯವರ 1991ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಒಂದು ವಿಡಿಯೊ ಟೇಪನ್ನು ನೋಡಿದವರು ಏಳು ದಿನಗಳಲ್ಲಿ ಸಾಯುತ್ತಾರೆ. ಟೇಪಿನ ಹಿಂದೆ ಇರುವುದು ಬಾವಿಗೆ ತಳ್ಳಲ್ಪಟ್ಟು ಸತ್ತ ಸದಾಕೊ ಎಂಬ ಹೆಣ್ಣು.

ಬಾವಿಯ ಪ್ರೇತ ಜಪಾನಿಗೆ ಹೊಸದಲ್ಲ. ಹತ್ತು ತಟ್ಟೆಗಳಲ್ಲಿ ಒಂದು ಕಾಣೆಯಾದ ಅಪವಾದಕ್ಕೆ ಬಲಿಯಾಗಿ, ಬಾವಿಯೊಳಗಿಂದ ಒಂಬತ್ತರವರೆಗೆ ಎಣಿಸುವ ಒಕಿಕುವಿನ ಕಥೆ 18ನೆಯ ಶತಮಾನದಲ್ಲಿಯೇ ಬೊಂಬೆಯಾಟದ ರಂಗವೇರಿತ್ತು. ಕೆದರಿದ ಉದ್ದನೆಯ ಕೂದಲು, ಬಿಳಿಯ ಉಡುಪುಗಳೂ ಆ ಪರಂಪರೆಯವೇ. ಆದುದರಿಂದ ‘ರಿಂಗು’ ಹಳೆಯ ಪ್ರೇತಕಥೆಯ ಹೊಸ ವೇಷವೆಂದು ತೀರ್ಮಾನಿಸುವುದು ಸುಲಭ. ಅದು ಅರ್ಧಸತ್ಯ ಮಾತ್ರ, ಉಳಿದರ್ಧ ಟೇಪಿನಲ್ಲಿದೆ.

ಜೆವಿಸಿ ಸಂಸ್ಥೆ 1976ರಲ್ಲಿ ಹೊರತಂದ ವಿಎಚ್‌ಎಸ್ ಮಾದರಿಯ ಟೇಪಿನ ಅಗಲ ಅರ್ಧ ಅಂಗುಲ. 1975ರಲ್ಲಿ ಬಂದ ಸೋನಿಯ ಬೀಟಾಮ್ಯಾಕ್ಸ್ ಆರಂಭದಲ್ಲಿ ಒಂದು ಗಂಟೆ ಮುದ್ರಿಸಿಕೊಂಡರೆ ಇದು ಎರಡು ಗಂಟೆ ಮುದ್ರಿಸಿಕೊಳ್ಳುತ್ತಿತ್ತು. ಇಡೀ ಚಲನಚಿತ್ರವೊಂದು ಒಂದೇ ಟೇಪಿನಲ್ಲಿ ಹಿಡಿಯುತ್ತಿತ್ತು. ಜಪಾನಿನ ದೂರದರ್ಶನ ಪದ್ಧತಿಯಲ್ಲಿ ಚಿತ್ರವೊಂದಕ್ಕೆ 525 ಗೆರೆಗಳು, ಸೆಕೆಂಡಿಗೆ ಸುಮಾರು 30 ಚಿತ್ರಗಳು. ಭಾರತದ ಪಾಲ್ ಪದ್ಧತಿಯಲ್ಲಿ 625 ಗೆರೆಗಳು, 25 ಚಿತ್ರಗಳು. ಪ್ರತಿ ಮಾಡಲು ಎರಡು ಯಂತ್ರಗಳು, ನಡುವೆ ತಂತಿ, ಮೂಲ ಓಡುವಷ್ಟೇ ಕಾಲ ಬೇಕು. ಪ್ರತಿಯ ಪ್ರತಿಯಲ್ಲಿ ಬಣ್ಣ ಸೋರುತ್ತದೆ, ಅಂಚು ಕದಡುತ್ತದೆ, ಚುಕ್ಕೆ ಹೆಚ್ಚುತ್ತದೆ. ಹೇಳಿದಂತೆಲ್ಲ ಕಥೆ ಮಾರ್ಪಡುವುದನ್ನು ಬಲ್ಲ ಜಾನಪದ ವಿದ್ವಾಂಸರಿಗೆ ಇದು ಅಪರಿಚಿತವೆನಿಸಲಾರದು. ಶಾಪದ ಟೇಪಿನ ಮಸುಕು ಬಿಂಬಗಳು ನೋಡುಗರನ್ನು ನಂಬಿಸುವುದೂ ಅವುಗಳ ಈ ಸವಕಲುತನದಿಂದಲೇ.

ಥ್ರಿಲ್ಲರ್ ಚಿತ್ರಗಳ ರೂಢಿಗಳನ್ನು ನಕಾತ ಕೈಬಿಟ್ಟಿಲ್ಲ. ಗಡುವು ಇದೆ, ದಿನಾಂಕಗಳು ಪರದೆಯ ಮೇಲೆ ಮೂಡುತ್ತವೆ. ತನಿಖೆ ನಡೆಸುವ ಪತ್ರಕರ್ತೆ ರೇಕೊ ತಾನೇ ಟೇಪನ್ನು ನೋಡಿ ಬಲಿಯ ಸಾಲಿಗೆ ಸೇರಿದ್ದಾಳೆ. ಏಳನೆಯ ದಿನ ಅವಳು ಬಾವಿಗಿಳಿದು ಅಸ್ಥಿಯನ್ನು ಮೇಲೆತ್ತುತ್ತಾಳೆ. ಗಡುವು ಕಳೆದರೂ ಸಾಯುವುದಿಲ್ಲ. ಅನ್ಯಾಯವಾಗಿ ಸತ್ತವರ ಎಲುಬು ದೊರೆತು ಸಂಸ್ಕಾರವಾದರೆ ಪ್ರೇತ ಶಾಂತವಾಗುವುದೆಂಬುದು ಲೋಕದ ಎಷ್ಟೋ ಕಥೆಗಳ ಆಶಯ. ಪ್ರೇಕ್ಷಕ ನಿಟ್ಟುಸಿರಿಡುತ್ತಾನೆ. ಮರುದಿನವೇ ಅವಳ ಮಾಜಿ ಪತಿ ರ್ಯೂಜಿಯ ಮನೆಯ ದೂರದರ್ಶನ ಪೆಟ್ಟಿಗೆಯಿಂದ ಸದಾಕೊ ತೆವಳಿಕೊಂಡು ಹೊರಬರುತ್ತಾಳೆ. ಹುಸಿಮುಕ್ತಾಯ ಥ್ರಿಲ್ಲರಿನ ಹಳೆಯ ತಂತ್ರವೇ ಸರಿ. ಆದರೆ ಇಲ್ಲಿ ಪ್ರೇಕ್ಷಕನನ್ನು ವಂಚಿಸಿದ್ದು ಅವನದೇ ಜಾನಪದ ಜ್ಞಾನ.

ರೇಕೊ ಬದುಕಿದ್ದು ಸಂಸ್ಕಾರದಿಂದಲ್ಲ, ಟೇಪನ್ನು ಪ್ರತಿ ಮಾಡಿ ರ್ಯೂಜಿಗೆ ತೋರಿಸಿದ್ದರಿಂದ. ಈ ತರ್ಕದ ಮೂಲವನ್ನು ಬಾವಿಯಲ್ಲಲ್ಲ, ಅಂಚೆಯಲ್ಲಿ ಹುಡುಕಬೇಕು. 1970ರ ದಶಕದಲ್ಲಿ ಜಪಾನಿನಲ್ಲಿ ‘ದುರದೃಷ್ಟದ ಪತ್ರ’ಗಳು ಹರಡಿದ್ದವು: ನಿಗದಿತ ದಿನಗಳೊಳಗೆ ಇಷ್ಟು ಜನರಿಗೆ ನಕಲು ಕಳುಹಿಸದಿದ್ದರೆ ಕೇಡು. ದೇವರ ಹೆಸರಿನಲ್ಲಿ ಬರುತ್ತಿದ್ದ ಇಂತಹವೇ ಕಾರ್ಡುಗಳನ್ನು ಕನ್ನಡನಾಡಿನ ಹಿರಿಯರೂ ನೆನೆಯಬಲ್ಲರು. ಆದರೆ ಪತ್ರ ಅನಾಮಿಕರಿಗೂ ಹೋಗುತ್ತಿತ್ತು. ಟೇಪನ್ನು ನೋಡಿಬಿಟ್ಟ ಮಗನನ್ನು ಉಳಿಸಲು ರೇಕೊ ಆರಿಸಿಕೊಳ್ಳುವುದು ತನ್ನ ತಂದೆಯನ್ನು.

ವಿಎಚ್‌ಎಸ್ ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯೆನಿಸಿದ ಜಪಾನಿನ ಫುನಾಯಿ 2016ರಲ್ಲಿ ಉತ್ಪಾದನೆ ನಿಲ್ಲಿಸಿತು. ಅದಕ್ಕೂ ಮೊದಲೇ, 2012ರ ‘ಸದಾಕೊ 3ಡಿ’ಯಲ್ಲಿ, ಶಾಪ ಅಂತರ್ಜಾಲದ ವಿಡಿಯೊಗೆ ದಾಟಿತ್ತು. ಅಲ್ಲಿ ಪ್ರತಿ ಸವೆಯುವುದಿಲ್ಲ. ಪ್ರತಿ ಮಾಡುವವರು ಯಂತ್ರದ ಮುಂದೆ ಕುಳಿತು ಕಾಯಬೇಕಾಗಿಯೂ ಇಲ್ಲ. 1998ರ ಚಿತ್ರದ ಕೊನೆಯಲ್ಲಿ ರೇಕೊ ತವರಿನತ್ತ ಕಾರು ಓಡಿಸುತ್ತಾಳೆ. ಅವಳ ಜೊತೆ ವಿಡಿಯೊ ಯಂತ್ರವಿದೆ.